ಗಾಯಕ್ಕೆ ವೈದ್ಯಕೀಯ ದರ್ಜೆಯ ಜೇನಿನ ಡ್ರೆಸ್ಸಿಂಗ್: ಮನೆಯಲ್ಲಿ ಮಾಡುವ ಕ್ರಮ

ಗಾಯಕ್ಕೆ ಜೇನುತುಪ್ಪ ಹಚ್ಚುವ ರೂಢಿ ನಮ್ಮಲ್ಲಿ ಬಹಳ ಹಳೆಯದು. ಸುಶ್ರುತ ಸಂಹಿತೆಯ ವ್ರಣಚಿಕಿತ್ಸೆಯಲ್ಲಿ ಜೇನೂ ತುಪ್ಪವೂ ಜೊತೆಜೊತೆಯಾಗಿ ಬರುತ್ತವೆ. ಕೊಡಗಿನ ಮತ್ತು ಮಲೆನಾಡಿನ ಎಷ್ಟೋ ಮನೆಗಳಲ್ಲಿ ಜೇನಿನ ಬಾಟಲಿ ಇಂದಿಗೂ ಅರ್ಧ ಅಡುಗೆಗೆ, ಅರ್ಧ ಮದ್ದಿಗೆ. ಹಾಗಾಗಿ ವೈದ್ಯರು ಚೀಟಿಯಲ್ಲಿ ಜೇನಿನ ಡ್ರೆಸ್ಸಿಂಗ್ ಎಂದು ಬರೆದುಕೊಟ್ಟಾಗ ‘ಅದಕ್ಕೇಕೆ ಅಷ್ಟು ದುಡ್ಡು, ಒಳ್ಳೆಯ ಜೇನು ಮನೆಯಲ್ಲೇ ಇದೆಯಲ್ಲ’ ಎಂದು ಮನೆಯವರಿಗೆ ಅನಿಸುವುದು ಸಹಜ. ನನಗೂ ಹಾಗೆಯೇ ಅನಿಸಿತ್ತು. ನಮ್ಮ ತಾಯಿಯವರು ಹಾಸಿಗೆ ಹಿಡಿದಿದ್ದಾಗ ಅವರ ಹಿಮ್ಮಡಿಯಲ್ಲಿ ಆದ ಹುಣ್ಣನ್ನು ನಾಲ್ಕು ತಿಂಗಳು ನೋಡಿಕೊಂಡೆ. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ ಸಿಸ್ಟರ್ ಹೇಳಿಕೊಟ್ಟದ್ದು, ಉಳಿದ ದಿನಗಳಲ್ಲಿ ನನ್ನ ಕೈಯಾರೆ ಮಾಡಿ ತಿಳಿದುಕೊಂಡದ್ದು, ಆಮೇಲೆ ಓದಿ ಖಚಿತಪಡಿಸಿಕೊಂಡದ್ದು, ಇವೆಲ್ಲವನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ವೈದ್ಯರು ಒಮ್ಮೆ ಗಾಯ ನೋಡಿ, ಜೇನಿನ ಡ್ರೆಸ್ಸಿಂಗ್ ಆಗಬಹುದು ಎಂದು ಹೇಳಿದ ಮೇಲೆ ಮನೆಯಲ್ಲಿ ಅದನ್ನು ಬದಲಿಸುವ ಹೊಣೆ ಹೊತ್ತವರಿಗಾಗಿ ಈ ಬರಹ. ಇದು ವೈದ್ಯರನ್ನು ಕಾಣುವುದಕ್ಕೆ ಬದಲಿಯಲ್ಲ.

ಅಡುಗೆಮನೆಯ ಜೇನು ಏಕೆ ಬೇಡ

ತಿನ್ನುವ ಜೇನು ಎಷ್ಟೇ ಶುದ್ಧವಾಗಿರಲಿ, ಅದು ಕ್ರಿಮಿರಹಿತವಲ್ಲ. ಜೇನ್ನೊಣಗಳು ಹೂವಿನಿಂದ, ಮಣ್ಣಿನಿಂದ, ನೀರಿನಿಂದ ತರುವ ಸೂಕ್ಷ್ಮಜೀವಿಗಳ ಬೀಜಾಣುಗಳು ಅದರಲ್ಲಿ ನಿದ್ರಾವಸ್ಥೆಯಲ್ಲಿ ಉಳಿದಿರುತ್ತವೆ. ಅವುಗಳಲ್ಲಿ ಕ್ಲೋಸ್ಟ್ರಿಡಿಯಂ ಬಾಟುಲಿನಂ ಎಂಬ ಅಪಾಯಕಾರಿ ಬ್ಯಾಕ್ಟೀರಿಯಾದ ಬೀಜಾಣುವೂ ಇರಬಹುದು. ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಬಾರದು ಎಂದು ಮಕ್ಕಳ ವೈದ್ಯರು ಹೇಳುವುದು ಈ ಕಾರಣಕ್ಕೇ. ಆರೋಗ್ಯವಂತ ದೊಡ್ಡವರ ಹೊಟ್ಟೆಗೆ ಹೋದರೆ ಇವು ಏನೂ ಮಾಡುವುದಿಲ್ಲ, ಆದರೆ ರಕ್ತ ಸಂಚಾರ ಕಡಿಮೆಯಾದ, ಆಳವಾದ ಗಾಯ ಹೊಟ್ಟೆಯಂಥದ್ದಲ್ಲ. ಕಾಯಿಸಿದರೆ ಕ್ರಿಮಿ ಸಾಯುತ್ತದಲ್ಲ ಎಂದರೆ, ಬೀಜಾಣುಗಳು ಸಾಮಾನ್ಯ ಕುದಿತಕ್ಕೆ ಸಾಯುವುದಿಲ್ಲ. ಅವುಗಳಿಗಿಂತ ಮೊದಲು ಕೆಡುವುದು ಜೇನಿನೊಳಗಿನ ಕಿಣ್ವ, ಅಂದರೆ ಗಾಯಕ್ಕೆ ಉಪಯೋಗಕ್ಕೆ ಬರುವ ಭಾಗವೇ. ಆದ್ದರಿಂದ ವೈದ್ಯಕೀಯ ದರ್ಜೆಯ ಜೇನನ್ನು ಕಾಯಿಸದೆ, ಗಾಮಾ ಕಿರಣ ಹಾಯಿಸಿ ಕ್ರಿಮಿರಹಿತಗೊಳಿಸುತ್ತಾರೆ. ಇದರಿಂದ ಬೀಜಾಣು ಸಾಯುತ್ತದೆ, ಕಿಣ್ವ ಬಹುಮಟ್ಟಿಗೆ ಉಳಿಯುತ್ತದೆ.

ಇನ್ನೂ ಎರಡು ಕಾರಣಗಳಿವೆ. ಮಾರುಕಟ್ಟೆಯ ಜೇನಿಗೆ ಸಕ್ಕರೆ ಪಾಕ ಬೆರೆಸುವುದು ನಮ್ಮ ದೇಶದಲ್ಲಿ ಹೊಸ ಸುದ್ದಿಯೇನೂ ಅಲ್ಲ. ಕಲಬೆರಕೆ ಇಲ್ಲದ, ಕಣ್ಣೆದುರೇ ಹಿಂಡಿದ ಕಾಡಿನ ಹೆಜ್ಜೇನನ್ನೇ ತಂದರೂ ಅದರಲ್ಲಿ ನೀರಿನ ಅಂಶ ಹೆಚ್ಚಿರುವುದರಿಂದ ಬೇಗ ಹುಳಿಯುತ್ತದೆ. ಹಿಂಡುವಾಗ ಮರಿಹುಳು, ಪರಾಗ, ಮೇಣದ ಚೂರುಗಳು ಸೇರಿರುತ್ತವೆ. ಪೆಟ್ಟಿಗೆಯಲ್ಲಿ ಸಾಕಿದ ತುಡುವೆಯ ಜೇನು ಇದಕ್ಕಿಂತ ಅಚ್ಚುಕಟ್ಟಾಗಿರುತ್ತದೆ, ಅದನ್ನು ರೊಟ್ಟಿಯ ಜೊತೆ ಸಂತೋಷವಾಗಿ ತಿನ್ನಬಹುದು. ತೆರೆದ ಗಾಯದ ಮೇಲೆ ಮಾತ್ರ ಬೇಡ. ಈ ಒಂದು ವಿಷಯದಲ್ಲಿ ನಾನು ಯಾರೊಂದಿಗೂ ರಾಜಿಗೆ ಸಿದ್ಧನಿಲ್ಲ.

ಜೇನು ಗಾಯದಲ್ಲಿ ಮಾಡುವ ಕೆಲಸ

ಕ್ರಮವನ್ನು ಬಾಯಿಪಾಠ ಮಾಡುವುದಕ್ಕಿಂತ, ಜೇನು ಒಳಗೆ ಏನು ಮಾಡುತ್ತದೆ ಎಂದು ತಿಳಿದುಕೊಂಡರೆ ಡ್ರೆಸ್ಸಿಂಗ್ ಯಾವಾಗ ಬದಲಿಸಬೇಕು, ಎಷ್ಟು ಹಚ್ಚಬೇಕು ಎಂಬುದು ತಾನಾಗಿ ಹೊಳೆಯುತ್ತದೆ. ಜೇನಿನಲ್ಲಿ ಸುಮಾರು 80 ಭಾಗ ಸಕ್ಕರೆ, 17ರಿಂದ 18 ಭಾಗ ಮಾತ್ರ ನೀರು. ಇಷ್ಟು ಗಟ್ಟಿಯಾದ ಸಕ್ಕರೆ ತನ್ನ ಸುತ್ತಲಿನ ನೀರನ್ನು ಎಳೆದುಕೊಳ್ಳುತ್ತದೆ. ಉಪ್ಪಿನಕಾಯಿಗೆ ಉಪ್ಪು ಬೆರೆಸಿದಾಗ ಮಾವಿನ ಹೋಳು ನೀರು ಬಿಡುವುದು ಇದೇ ನಿಯಮದಿಂದ. ಗಾಯದ ಮೇಲಿನ ಬ್ಯಾಕ್ಟೀರಿಯಾ ನೀರು ಕಳೆದುಕೊಂಡು ಸೊರಗುತ್ತದೆ. ಗಾಯದ ಒಳಗಿನಿಂದ ತಿಳಿಯಾದ ರಸಿಕೆ ಹೊರಗೆ ಬಂದು, ತಳಕ್ಕೆ ಅಂಟಿದ ಕೊಳೆತ ಹಳದಿ ಪದರವನ್ನು ನೆನೆಸಿ ಸಡಿಲಗೊಳಿಸುತ್ತದೆ.

ಎರಡನೆಯದು ಆಮ್ಲೀಯತೆ. ಜೇನಿನ ಪಿಎಚ್ ಸಾಮಾನ್ಯವಾಗಿ 3.2ರಿಂದ 4.5ರ ನಡುವೆ ಇರುತ್ತದೆ, ಅನೇಕ ರೋಗಾಣುಗಳಿಗೆ ಅದು ಹಿಡಿಸುವುದಿಲ್ಲ. ಮೂರನೆಯದು, ಜೇನ್ನೊಣ ತನ್ನ ಗ್ರಂಥಿಯಿಂದ ಬೆರೆಸುವ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ. ಗಟ್ಟಿ ಜೇನಿನಲ್ಲಿ ಇದು ಸುಮ್ಮನಿರುತ್ತದೆ, ರಸಿಕೆ ಸೇರಿ ಜೇನು ಸ್ವಲ್ಪ ತೆಳುವಾದಾಗ ಎಚ್ಚೆತ್ತು ಹೈಡ್ರೋಜನ್ ಪೆರಾಕ್ಸೈಡನ್ನು ಅತ್ಯಲ್ಪ ಪ್ರಮಾಣದಲ್ಲಿ, ನಿಧಾನವಾಗಿ ಬಿಡುತ್ತಾ ಹೋಗುತ್ತದೆ. ಬಾಟಲಿಯ ಪೆರಾಕ್ಸೈಡ್ ಸುರಿದಾಗ ಹೊಸ ಮಾಂಸವೂ ಸುಡುತ್ತದೆ. ಇಲ್ಲಿ ಹಾಗಾಗದಷ್ಟು ಕಡಿಮೆ ಪ್ರಮಾಣ. ನ್ಯೂಜಿಲೆಂಡಿನ ಮನುಕಾ ಗಿಡದ ಹೂವಿನ ಜೇನಿನಲ್ಲಿ ಇದರ ಮೇಲೆ ಮೀಥೈಲ್‌ಗ್ಲೈಆಕ್ಸಾಲ್ ಎಂಬ ಇನ್ನೊಂದು ವಸ್ತುವಿದ್ದು, ಪೆರಾಕ್ಸೈಡ್ ಇಲ್ಲದಿದ್ದರೂ ಕ್ರಿಮಿಗಳನ್ನು ತಡೆಯುತ್ತದೆ. ಅಲ್ಲಿನ ವೈಕಾಟೊ ವಿಶ್ವವಿದ್ಯಾಲಯದ ಪೀಟರ್ ಮೋಲನ್ ಈ ಜೇನನ್ನು ದೀರ್ಘಕಾಲ ಅಧ್ಯಯನ ಮಾಡಿದವರು. ಔಷಧ ಅಂಗಡಿಯ ಡ್ರೆಸ್ಸಿಂಗ್‌ಗಳಲ್ಲಿ ಅನೇಕವು ಮನುಕಾ ಜೇನಿನವು, ಆದರೆ ಬೇರೆ ಹೂವಿನ ಜೇನಿನಿಂದ ಮಾಡಿದವೂ ಇವೆ.

ಕೆಟ್ಟ ವಾಸನೆಯ ವಿಷಯವನ್ನೂ ಇಲ್ಲೇ ಹೇಳಬೇಕು, ಏಕೆಂದರೆ ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗೆ ಅದರ ಕಷ್ಟ ಗೊತ್ತು. ಬ್ಯಾಕ್ಟೀರಿಯಾ ಸತ್ತ ಮಾಂಸದ ಪ್ರೋಟೀನನ್ನು ತಿಂದಾಗ ಅಮೋನಿಯಾ ಮತ್ತು ಗಂಧಕದ ಸಂಯುಕ್ತಗಳು ಹುಟ್ಟಿ ನಾರುತ್ತವೆ. ಎದುರಿಗೆ ಜೇನಿನ ಗ್ಲೂಕೋಸ್ ಸಿಕ್ಕಿದಾಗ ಬ್ಯಾಕ್ಟೀರಿಯಾಗಳು ಅದನ್ನೇ ತಿಂದು, ವಾಸನೆಯಿಲ್ಲದ ಲ್ಯಾಕ್ಟಿಕ್ ಆಮ್ಲವನ್ನು ಬಿಡುತ್ತವೆ. ನಮ್ಮ ತಾಯಿಯವರ ಕೋಣೆಯ ವಾಸನೆ ಮೂರನೆಯ ದಿನವೇ ತಗ್ಗಿತ್ತು, ಹುಣ್ಣಿನ ಅಳತೆ ಮಾತ್ರ ಇನ್ನೂ ಹಾಗೆಯೇ ಇತ್ತು. ಬಂದವರೊಂದಿಗೆ ಅವರು ಮತ್ತೆ ಮುಖ ಎತ್ತಿ ಮಾತನಾಡತೊಡಗಿದ್ದು ಅದರ ನಂತರ.

ಎಲ್ಲಿ ಸಾಕ್ಷ್ಯ ಗಟ್ಟಿ, ಎಲ್ಲಿ ಅಲ್ಲ

ಸುಟ್ಟಗಾಯಕ್ಕೆ ಜೇನು ಬಳಸಿ ನಡೆದ ಹೆಸರಾಂತ ಅಧ್ಯಯನಗಳಲ್ಲಿ ಕೆಲವು ನಮ್ಮ ಪಕ್ಕದಲ್ಲೇ, ವಿಜಯಪುರ ಮತ್ತು ಕಲಬುರಗಿ ಜಿಲ್ಲೆಗಳಿಗೆ ಹೊಂದಿಕೊಂಡಿರುವ, ಕನ್ನಡ ಮಾತನಾಡುವವರು ಬಹಳ ಮಂದಿ ಇರುವ ಸೊಲ್ಲಾಪುರದಲ್ಲಿ ನಡೆದವು. ಅಲ್ಲಿನ ವೈದ್ಯಕೀಯ ಕಾಲೇಜಿನ ಶಸ್ತ್ರಚಿಕಿತ್ಸಕ ಡಾ. ಎಂ. ಸುಬ್ರಹ್ಮಣ್ಯಂ ಅವರು 104 ರೋಗಿಗಳ ಮೇಲ್ಪದರದ ಸುಟ್ಟಗಾಯಗಳಲ್ಲಿ ಜೇನನ್ನೂ ಆಗ ಎಲ್ಲೆಡೆ ಬಳಸುತ್ತಿದ್ದ ಸಿಲ್ವರ್ ಸಲ್ಫಡಯಾಜಿನ್ ಮುಲಾಮನ್ನೂ ಹೋಲಿಸಿ 1991ರಲ್ಲಿ ಪ್ರಕಟಿಸಿದರು. ಜೇನು ಹಚ್ಚಿದ ಗಾಯಗಳು ಬೇಗ ಶುಚಿಯಾದವು, ಬೇಗ ಮಾಗಿದವು. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2015ರ ವರದಿ, ನಾನಾ ಬಗೆಯ ಗಾಯಗಳಿಗೆ ಜೇನು ಬಳಸಿದ 26 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿ, ಚರ್ಮದ ಅರ್ಧ ದಪ್ಪದವರೆಗಿನ ಸುಟ್ಟಗಾಯಗಳು ಸಾಂಪ್ರದಾಯಿಕ ಡ್ರೆಸ್ಸಿಂಗ್‌ಗಿಂತ ಜೇನಿನಿಂದ ಸುಮಾರು ನಾಲ್ಕೈದು ದಿನ ಮೊದಲು ಮಾಗುತ್ತವೆ ಎಂದಿತು. ಸೋಂಕಾದ ಆಪರೇಷನ್ ಗಾಯಗಳಲ್ಲಿಯೂ ಜೇನು ಅನುಕೂಲಕರವಾಗಿ ಕಂಡಿತು.

ಆದರೆ ಕಾಲಿನ ರಕ್ತನಾಳಗಳು ಉಬ್ಬಿ ಆಗುವ ಹುಣ್ಣಿಗೆ ಜೇನು ಅಂಥ ಪ್ರಯೋಜನ ತೋರಲಿಲ್ಲ. ನ್ಯೂಜಿಲೆಂಡಿನಲ್ಲಿ 368 ಜನರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 12 ವಾರಗಳ ಕೊನೆಗೆ ಜೇನಿನ ಗುಂಪು ಗಮನಾರ್ಹವಾಗಿ ಮುಂದೆ ಇರಲಿಲ್ಲ. ನೋವು ಹೇಳಿಕೊಂಡವರು ಮಾತ್ರ ಆ ಗುಂಪಿನಲ್ಲೇ ಹೆಚ್ಚು. ಅಂಥ ಹುಣ್ಣನ್ನು ಮಾಗಿಸುವುದು ಸರಿಯಾಗಿ ಬಿಗಿದ ಒತ್ತುಪಟ್ಟಿ, ಅದರಡಿಯ ಡ್ರೆಸ್ಸಿಂಗ್ ಯಾವುದು ಎಂಬುದು ಅಷ್ಟು ಮುಖ್ಯವಲ್ಲ. ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಸಿಕೊಳ್ಳುವವರ ಕೊಳವೆಯ ಬುಡಕ್ಕೆ ದಿನವೂ ಜೇನು ಹಚ್ಚುವುದರಿಂದ ಸೋಂಕು ಕಡಿಮೆಯಾಗಲಿಲ್ಲ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಅಪಾಯವೇ ಹೆಚ್ಚಾಗಿ ಕಂಡಿತು. ಆದ್ದರಿಂದ ಆ ಜಾಗಕ್ಕೆ ಜೇನು ಬೇಡ.

ಯಾವ ಗಾಯವನ್ನು ಮನೆಯಲ್ಲಿ ಮುಟ್ಟಬಾರದು

ಜೇನ್ನೊಣದ ಕಡಿತಕ್ಕೆ ಮೈಯೆಲ್ಲ ಊದುವ, ಉಸಿರು ಕಟ್ಟುವ ಅಲರ್ಜಿ ಇರುವವರಿಗೆ, ಜೇನು ತಿಂದರೆ ತುರಿಸುವವರಿಗೆ ಈ ಡ್ರೆಸ್ಸಿಂಗ್ ಸಲ್ಲದು. ಆಗತಾನೇ ಸುಟ್ಟ ಗಾಯಕ್ಕೆ ಮೊದಲ ಕೆಲಸ 20 ನಿಮಿಷ ಹರಿಯುವ ತಣ್ಣೀರು. ಜೇನಲ್ಲ, ಟೂತ್‌ಪೇಸ್ಟ್ ಅಲ್ಲ, ಇಂಕು ಅಲ್ಲ. ರೋಗಿಯ ಬೆರಳು ಸೇರಿದಂತೆ ಒಂದು ಅಂಗೈಯಷ್ಟು ಜಾಗ ಮೈಯ ಚರ್ಮದ ಸುಮಾರು ನೂರರಲ್ಲಿ ಒಂದು ಭಾಗ ಎಂದು ಲೆಕ್ಕ. ಅದಕ್ಕಿಂತ ಹೆಚ್ಚು ಸುಟ್ಟಿದ್ದರೆ, ಮುಖ, ಕೈ, ಪಾದ, ಗುಪ್ತಾಂಗ ಅಥವಾ ಕೀಲು ಸುಟ್ಟಿದ್ದರೆ, ಚರ್ಮ ಬೆಳ್ಳಗೆ ಅಥವಾ ಕಪ್ಪಗೆ ಚಕ್ಕಳದಂತಾಗಿ ನೋವೇ ಗೊತ್ತಾಗದಿದ್ದರೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಬೇಕು.

ನಾಯಿ, ಬೆಕ್ಕು, ಕೋತಿ ಕಚ್ಚಿದ ಗಾಯವನ್ನು 15 ನಿಮಿಷ ಸೋಪು ನೀರಿನಲ್ಲಿ ತೊಳೆದು, ಮುಚ್ಚದೆ, ರೇಬಿಸ್ ಲಸಿಕೆಗೆ ಓಡಬೇಕು. ಮಣ್ಣು, ತುಕ್ಕು, ಸೆಗಣಿ ತಗುಲಿದ ಗಾಯಕ್ಕೆ ಧನುರ್ವಾಯು (ಟೆಟನಸ್) ತಡೆಯುವ ಇಂಜೆಕ್ಷನ್ ಬಗ್ಗೆ ಕೇಳಬೇಕು. ತಳ ಕಾಣದ ಆಳದ ತೂತು, ಎಲುಬು ಅಥವಾ ನರದ ಬಿಳುಪು ಕಾಣುವ ಗಾಯ, ನಿಲ್ಲದ ರಕ್ತಸ್ರಾವ, ಇವೆಲ್ಲ ವೈದ್ಯರ ಕೈಗೆ. ಒಣಗಿ ಕಪ್ಪಾಗಿ ಗಟ್ಟಿಯಾದ ಕಾಲ್ಬೆರಳಿನ ಬಗ್ಗೆ ವಿಶೇಷ ಎಚ್ಚರ ಬೇಕು: ರಕ್ತ ಹರಿಯದೆ ಒಣಗಿದ ಬೆರಳನ್ನು ಜೇನಿನಿಂದ ನೆನೆಸಿದರೆ ಒಣ ಗ್ಯಾಂಗ್ರೀನ್ ಹಸಿಯಾಗಿ ಸೋಂಕು ಮೇಲೇರಬಹುದು.

ಸಕ್ಕರೆ ಕಾಯಿಲೆಯವರ ಪಾದದ ಹುಣ್ಣಿಗೆ ಜೇನಿನ ಡ್ರೆಸ್ಸಿಂಗ್ ಬಳಸುವುದುಂಟು, ಆದರೆ ಪಾದದ ರಕ್ತ ಸಂಚಾರ ಪರೀಕ್ಷೆಯಾದ ಮೇಲೆ ಮಾತ್ರ. ‘ಸಕ್ಕರೆ ಇರುವವರಿಗೆ ಜೇನೇ?’ ಎಂದು ಎಲ್ಲರೂ ಕೇಳುತ್ತಾರೆ. ಗಾಯದ ಮೇಲಿನ ಜೇನಿನಿಂದ ರಕ್ತದ ಸಕ್ಕರೆ ಏರುವುದು ಸಾಮಾನ್ಯವಲ್ಲವಾದರೂ, ಗಾಯ ದೊಡ್ಡದಿದ್ದರೆ ಮೊದಲ ಕೆಲವು ದಿನ ಗ್ಲೂಕೋಮೀಟರಿನಲ್ಲಿ ನೋಡಿಕೊಳ್ಳುವುದು ಲೇಸು. ಅದಕ್ಕಿಂತ ದೊಡ್ಡ ವಿಷಯ ಬೇರೆಯೇ ಇದೆ: ಅಂಗಾಲಿನ ಹುಣ್ಣಿನ ಮೇಲೆ ಭಾರ ಹಾಕಿ ನಡೆಯುತ್ತಲೇ ಇದ್ದರೆ ಯಾವ ಡ್ರೆಸ್ಸಿಂಗೂ ಅದನ್ನು ಮಾಗಿಸುವುದಿಲ್ಲ. ಹಿಮ್ಮಡಿಯ, ಸೊಂಟದ ಹಾಸಿಗೆ ಹುಣ್ಣಿನ ವಿಷಯವೂ ಅಷ್ಟೇ. ನಮ್ಮ ತಾಯಿಯವರ ಮೀನಖಂಡದ ಕೆಳಗೆ ದಿಂಬಿಟ್ಟು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಗಾಳಿಯಲ್ಲಿ ನಿಲ್ಲಿಸಿದ ವಾರದಿಂದಲೇ ಹುಣ್ಣಿನ ಅಂಚು ಒಳಕ್ಕೆ ಸರಿಯತೊಡಗಿತು. ಅದಕ್ಕಿಂತ ಹಿಂದಿನ ಎರಡು ವಾರ ಅದೇ ಜೇನು, ಅದೇ ಪಟ್ಟಿ ಇದ್ದರೂ ಏನೂ ಆಗಿರಲಿಲ್ಲ.

ಯಾವ ರೂಪದ್ದನ್ನು ಕೊಳ್ಳಬೇಕು

ವೈದ್ಯರು ನಿರ್ದಿಷ್ಟವಾಗಿ ಬರೆದಿದ್ದರೆ ಅದನ್ನೇ ಕೊಳ್ಳಿ. ಬರೆದಿಲ್ಲದಿದ್ದರೆ ಗಾಯ ಎಷ್ಟು ರಸಿಕೆ ಬಿಡುತ್ತದೆ ಎಂಬುದನ್ನು ನೋಡಿ ಅವರನ್ನೇ ಕೇಳಬಹುದು. ಟ್ಯೂಬಿನಲ್ಲಿ ಬರುವ ಜೆಲ್ ಒಣಗಿದ ಅಥವಾ ಗುಳಿಬಿದ್ದ ಗಾಯಕ್ಕೆ ಅನುಕೂಲ. ಜೇನಿನಲ್ಲಿ ಅದ್ದಿದ ತೆಳು ಜಾಲರಿ ಬಟ್ಟೆ ಮೇಲ್ಪದರದ ಸುಟ್ಟಗಾಯಕ್ಕೆ, ತರಚು ಗಾಯಕ್ಕೆ ಒಳ್ಳೆಯದು. ರಸಿಕೆ ಬಹಳ ಸುರಿಯುವ ಗಾಯಕ್ಕೆ ಕಡಲಕಳೆಯ ನಾರಿನಿಂದ ಮಾಡಿದ ಆಲ್ಜಿನೇಟ್ ಹಾಳೆ ತಕ್ಕದ್ದು. ಅದು ರಸಿಕೆ ಕುಡಿದು ಮೆತ್ತನೆಯ ಜೆಲ್ ಆಗುತ್ತದೆ, ಜೇನು ಬೇಗ ಹರಿದುಹೋಗದಂತೆ ಹಿಡಿದಿಡುತ್ತದೆ.

ಪ್ಯಾಕೆಟ್ಟಿನ ಮೇಲೆ ಗಾಯಕ್ಕೆ ಬಳಸುವ ಸಾಧನವೆಂದೂ ಕ್ರಿಮಿರಹಿತವೆಂದೂ ಸ್ಪಷ್ಟವಾಗಿ ಬರೆದಿರಬೇಕು, ಅವಧಿಯ ದಿನಾಂಕ ಇರಬೇಕು, ಮುದ್ರೆ ಒಡೆದಿರಬಾರದು. ‘ಮನುಕಾ’ ಎಂಬ ಹೆಸರು ಕಂಡು ತಿನ್ನುವ ಜೇನಿನ ದುಬಾರಿ ಡಬ್ಬಿ ತಂದವರನ್ನು ನೋಡಿದ್ದೇನೆ. ಎಷ್ಟು ದುಬಾರಿಯಾದರೂ ಅದು ಊಟದ ಮೇಜಿನದೇ. ಒಬ್ಬರಿಗೆ ತೆರೆದ ಟ್ಯೂಬನ್ನು ಮನೆಯ ಇನ್ನೊಬ್ಬರ ಗಾಯಕ್ಕೆ ಬಳಸಬಾರದು. ತೆರೆದ ಮೇಲೆ ಎಷ್ಟು ದಿನ ಇಡಬಹುದು ಎಂಬುದು ಒಂದೊಂದು ತಯಾರಿಕೆಗೆ ಒಂದೊಂದು ರೀತಿ, ಚೀಟಿ ಓದಬೇಕು.

ಬದಲಿಸುವ ಕ್ರಮ

ಮೊದಲು ಎಲ್ಲ ಸಾಮಾನನ್ನೂ ಒಂದು ಶುಚಿಯಾದ ತಟ್ಟೆಯಲ್ಲಿ ಜೋಡಿಸಿಕೊಳ್ಳಿ, ಏಕೆಂದರೆ ಗ್ಲೌಸ್ ಹಾಕಿಕೊಂಡು ಗಾಯ ತೆರೆದ ಮೇಲೆ ಕಪಾಟು ತೆರೆಯಲು ಹೋಗುವುದೇ ಅರ್ಧ ಸೋಂಕಿಗೆ ದಾರಿ. ಎರಡು ಜೊತೆ ಗ್ಲೌಸ್, ಔಷಧ ಅಂಗಡಿಯ ನಾರ್ಮಲ್ ಸಲೈನ್ ಬಾಟಲಿ, ಕ್ರಿಮಿರಹಿತ ಗಾಜ್ (ಗಾಯಕ್ಕೆ ಬಳಸುವ ತೆಳು ಜಾಲರಿ ಬಟ್ಟೆ) ತುಂಡುಗಳು, ಜೇನಿನ ಡ್ರೆಸ್ಸಿಂಗ್, ಅದರ ಮೇಲಿಡಲು ಹೀರುವ ದಪ್ಪ ಪ್ಯಾಡ್, ಪೇಪರ್ ಟೇಪ್ ಅಥವಾ ರೋಲರ್ ಬ್ಯಾಂಡೇಜ್, ಸುತ್ತಲಿನ ಚರ್ಮಕ್ಕೆ ಜಿಂಕ್ ಆಕ್ಸೈಡ್ ಮುಲಾಮು ಅಥವಾ ಪೆಟ್ರೋಲಿಯಂ ಜೆಲ್ಲಿ, ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿ, ತ್ಯಾಜ್ಯಕ್ಕೆ ಹಳೆಯ ಪತ್ರಿಕೆಯ ಹಾಳೆ, ಇಷ್ಟು ಸಾಕು. ಸಲೈನ್ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಕರಗಿಸಿದರೆ ಅದೇ ಪ್ರಮಾಣ. ಒಂದು ದಿನ ಕಳೆದ ಮೇಲೆ ಅದನ್ನು ಚೆಲ್ಲಬೇಕು. ನೋವು ಹೆಚ್ಚಿರುವವರಿಗೆ ವೈದ್ಯರು ಹೇಳಿದ ನೋವಿನ ಮಾತ್ರೆಯನ್ನು ಅರ್ಧ ಗಂಟೆ ಮೊದಲೇ ಕೊಡಿ. ಫ್ಯಾನ್ ನಿಲ್ಲಿಸಿ, ಕೋಣೆಯ ಬೆಳಕು ಹಾಕಿ.

ಸೋಪಿನಿಂದ ಕೈಯನ್ನು ಉಗುರಿನ ಸಂದು, ಹೆಬ್ಬೆರಳ ಬುಡ ಬಿಡದಂತೆ 40ರಿಂದ 60 ಸೆಕೆಂಡು ಉಜ್ಜಿ ತೊಳೆದು, ಗ್ಲೌಸ್ ಹಾಕಿಕೊಂಡು ಹಳೆಯ ಡ್ರೆಸ್ಸಿಂಗ್ ಬಿಡಿಸಿ. ಎಲ್ಲಿಯಾದರೂ ಅಂಟಿಕೊಂಡಿದ್ದರೆ ಎಳೆಯಬೇಡಿ. ಸಲೈನ್ ಹನಿಸಿ ಒಂದೆರಡು ನಿಮಿಷ ಕಾಯ್ದರೆ ತಾನಾಗಿ ಬಿಡುತ್ತದೆ. ಬಿಡಿಸಿದ ಡ್ರೆಸ್ಸಿಂಗನ್ನು ಕೂಡಲೇ ಮಡಿಸಿ ಎಸೆಯದೆ ಒಮ್ಮೆ ನೋಡಿ. ಜೇನು ಪೂರ್ತಿ ಕರಗಿ ಪ್ಯಾಡ್ ತೊಪ್ಪೆಯಾಗಿದೆಯೇ, ಅಥವಾ ಇನ್ನೂ ಅಂಟಂಟಾಗಿ ಉಳಿದಿದೆಯೇ? ಮುಂದಿನ ಬದಲಾವಣೆ ಯಾವಾಗ ಎಂಬುದನ್ನು ಹೇಳುವುದು ಇದೇ.

ಗ್ಲೌಸ್ ಬದಲಿಸಿ, ಸಲೈನ್ ನೆನೆಸಿದ ಗಾಜ್‌ನಿಂದ ಗಾಯದ ನಡುವಿನಿಂದ ಹೊರಕ್ಕೆ ಮೃದುವಾಗಿ ಒರೆಸಿ, ಒಮ್ಮೆ ಒರೆಸಿದ ತುಂಡನ್ನು ಮತ್ತೆ ಗಾಯಕ್ಕೆ ತಾಗಿಸಬೇಡಿ. ಹಳೆಯ ಜೇನು ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಉಜ್ಜುವ ಅಗತ್ಯವೇ ಬರುವುದಿಲ್ಲ. ಈ ಡ್ರೆಸ್ಸಿಂಗಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಗುಣ ಇದು. ಒಣ ಗಾಜ್ ಕಿತ್ತಾಗ ಬರುವ ರಕ್ತ, ರೋಗಿಯ ನರಳಾಟ ಇಲ್ಲಿ ಇರುವುದಿಲ್ಲ. ಕೆಂಪು ಔಷಧ ಎಂದು ಕರೆಯುವ ಪೊವಿಡೋನ್ ಅಯೋಡಿನ್, ಪೆರಾಕ್ಸೈಡ್, ಡೆಟಾಲ್, ಅರಿಶಿನ ಪುಡಿ, ಇವುಗಳಲ್ಲಿ ಯಾವುದನ್ನೂ ಜೇನಿನ ಜೊತೆ ಬೆರೆಸಬೇಡಿ. ಸುತ್ತಲಿನ ಚರ್ಮವನ್ನು ಒತ್ತಿ ಒಣಗಿಸಿ, ಗಾಯದ ತಳ ಮಾತ್ರ ತೇವವಾಗಿಯೇ ಇರಲಿ.

ಈಗ ಸುತ್ತಲಿನ ಚರ್ಮಕ್ಕೆ ತೆಳುವಾಗಿ ಜಿಂಕ್ ಮುಲಾಮು ಹಚ್ಚಿ. ಇದನ್ನು ನಾನು ಮೊದಲ ವಾರ ಬಿಟ್ಟಿದ್ದೆ. ಹುಣ್ಣಿನ ಸುತ್ತ ಒಂದು ಬೆರಳಗಲ ಚರ್ಮ, ಬಹಳ ಹೊತ್ತು ಬಟ್ಟೆ ಒಗೆದ ಕೈಬೆರಳಿನಂತೆ ಬಿಳುಚಿ ಸುಕ್ಕುಗಟ್ಟಿ, ಟೇಪ್ ತೆಗೆದಾಗ ಅಲ್ಲಿಯೂ ಸಿಪ್ಪೆ ಎದ್ದಿತ್ತು. ಜೇನು ಎಳೆದು ತರುವ ರಸಿಕೆ ಒಳ್ಳೆಯ ಚರ್ಮದ ಮೇಲೆ ನಿಂತರೆ ಹೀಗಾಗುತ್ತದೆ.

ಜೆಲ್ ಬಳಸುವುದಾದರೆ ಅದನ್ನು ಗಾಯದ ಮೇಲೆ ಹಿಂಡುವುದಕ್ಕಿಂತ ಗಾಜ್ ಪ್ಯಾಡಿನ ಮೇಲೆ ಹರಡಿ ಗಾಯಕ್ಕೆ ಒತ್ತುವುದು ಸುಲಭ. ಗಾಯದ ಮೇಲೆ ನೇರವಾಗಿ ಹಾಕಿದ ಜೇನು ಮೈಯ ಬಿಸಿಗೆ ಕರಗಿ ಪ್ಯಾಡ್ ಇಡುವಷ್ಟರಲ್ಲಿ ಜಾರುತ್ತದೆ. ಪ್ರಮಾಣ ಎಷ್ಟು ಎಂಬುದಕ್ಕೆ ಮೋಲನ್ ಅವರು ಕೊಟ್ಟಿರುವ ಅಳತೆ ಚೆನ್ನಾಗಿದೆ: 10 ಸೆಂಟಿಮೀಟರ್ ಉದ್ದಗಲದ ಡ್ರೆಸ್ಸಿಂಗಿಗೆ ಸುಮಾರು 20 ಮಿಲಿಲೀಟರ್, ತೂಕದಲ್ಲಿ 25ರಿಂದ 30 ಗ್ರಾಂ. ದೋಸೆಗೆ ಎಣ್ಣೆ ಸವರಿದಂತೆ ತೆಳುವಾಗಿ ಸವರಿದರೆ ಅರ್ಧ ದಿನದೊಳಗೆ ರಸಿಕೆಯಲ್ಲಿ ಕರಗಿ ಹೋಗಿ, ಉಳಿದ ಹೊತ್ತೆಲ್ಲ ಗಾಯದ ಮೇಲೆ ಬರೀ ಸಿಹಿನೀರು ಇರುತ್ತದೆ, ಅದರಿಂದ ಪ್ರಯೋಜನವಿಲ್ಲ. ಗುಳಿಬಿದ್ದ ಗಾಯದಲ್ಲಿ ಜೇನು ತಳಕ್ಕೆ ಮುಟ್ಟಬೇಕು, ಆದರೆ ಗಾಜ್ ಬಟ್ಟೆಯನ್ನು ತುರುಕಿ ಬಿಗಿಯಾಗಿ ತುಂಬಬಾರದು. ಸಡಿಲವಾಗಿ ಇಟ್ಟರೆ ಹೊಸ ಮಾಂಸ ಕೆಳಗಿನಿಂದ ಮೇಲೆ ಬರಲು ಜಾಗ ಇರುತ್ತದೆ. ಒಳಗಿಟ್ಟ ತುಂಡುಗಳೆಷ್ಟು ಎಂದು ಎಣಿಸಿ ಬರೆದಿಟ್ಟು, ಮುಂದಿನ ಬಾರಿ ಅಷ್ಟನ್ನೂ ಹೊರತೆಗೆಯಿರಿ. ಚಳಿಗಾಲದಲ್ಲಿ ಟ್ಯೂಬ್ ಗಟ್ಟಿಯಾಗಿದ್ದರೆ ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದುಕೊಳ್ಳಿ, ಬಿಸಿನೀರಿನಲ್ಲಿ ಮುಳುಗಿಸಬೇಡಿ.

ಆಮೇಲೆ ಮೇಲಿನಿಂದ ಹೀರುವ ಪ್ಯಾಡ್ ಇಡಿ. ಅದು ಒಳಗಿನ ಡ್ರೆಸ್ಸಿಂಗಿಗಿಂತ ಎಲ್ಲ ಕಡೆ ಎರಡು ಬೆರಳಗಲ ದೊಡ್ಡದಿರಲಿ. ನಾಲ್ಕು ಅಂಚಿಗೂ ಸಂದು ಬಿಡದಂತೆ ಟೇಪ್ ಹಾಕಿ, ಕೈಕಾಲಿಗೆ ಬ್ಯಾಂಡೇಜ್ ಸುತ್ತುವಾಗ ಬೆರಳ ತುದಿಯ ಬಣ್ಣ ನೋಡಿಕೊಳ್ಳಿ. ಬೆರಳು ನೀಲಿಗಟ್ಟಿದರೆ, ತಣ್ಣಗಾದರೆ ಅಥವಾ ಜೋಮು ಹಿಡಿದರೆ ಬಿಗಿ ಹೆಚ್ಚಾಗಿದೆ ಎಂದೇ ಅರ್ಥ. ದಿನಾಂಕ ಮತ್ತು ವೇಳೆಯನ್ನು ಟೇಪಿನ ಮೇಲೆಯೇ ಪೆನ್ನಿನಲ್ಲಿ ಬರೆಯಿರಿ.

ಅಂಚಿಗೆ ಸಂದು ಬಿಡಬೇಡಿ ಎಂದು ನಾನು ಒತ್ತಿ ಹೇಳುವುದಕ್ಕೆ ನಮ್ಮ ಮನೆಗಳಲ್ಲಿ ಇನ್ನೊಂದು ಕಾರಣವೂ ಇದೆ: ಇರುವೆ. ಹೊರದೇಶದ ಕೈಪಿಡಿಗಳಲ್ಲಿ ಈ ಮಾತು ನನಗೆ ಕಾಣಲಿಲ್ಲ. ಒಂದು ಬೆಳಗ್ಗೆ ನಮ್ಮ ತಾಯಿಯವರ ಮಂಚದ ಕಾಲಿನಿಂದ ಹೊದಿಕೆಯ ಅಂಚಿನವರೆಗೆ ಸಣ್ಣ ಕೆಂಪಿರುವೆಗಳ ಸಾಲು ಹತ್ತಿತ್ತು. ಪ್ಯಾಡಿನ ಒಂದು ಮೂಲೆಯಿಂದ ರಾತ್ರಿ ಜೇನು ಜಿನುಗಿ ಹಾಸಿಗೆಗೆ ಇಳಿದಿತ್ತು. ಪುಣ್ಯಕ್ಕೆ ಒಳಗೆ ಹೋಗಿರಲಿಲ್ಲ. ಹಿಂದೆ ತುಪ್ಪ ಬೆಲ್ಲದ ಗೂಡಿನ ಕಾಲುಗಳನ್ನು ನೀರು ತುಂಬಿದ ಕಲ್ಲಿನ ಬಟ್ಟಲುಗಳಲ್ಲಿ ನಿಲ್ಲಿಸುತ್ತಿದ್ದರಲ್ಲ, ಅಂದಿನಿಂದ ಮಂಚದ ನಾಲ್ಕು ಕಾಲುಗಳಿಗೂ ಅದನ್ನೇ ಮಾಡಿದೆ, ಮಂಚವನ್ನು ಗೋಡೆಯಿಂದ ಒಂದು ಗೇಣು ದೂರ ಸರಿಸಿದೆ. ಬಟ್ಟಲಿನ ನೀರನ್ನು ಎರಡು ದಿನಕ್ಕೊಮ್ಮೆ ಬದಲಿಸಬೇಕು, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆಯಿಡುತ್ತದೆ. ಪಾದದಲ್ಲಿ ಸ್ಪರ್ಶ ಕಳೆದುಕೊಂಡ ಸಕ್ಕರೆ ಕಾಯಿಲೆಯವರಿಗೆ ಇರುವೆ ಕಚ್ಚಿದ್ದೂ ಗೊತ್ತಾಗುವುದಿಲ್ಲ, ನೊಣ ಕೂತು ಹುಳುವಾದದ್ದೂ ಗೊತ್ತಾಗುವುದಿಲ್ಲ. ಅಂಥವರು ಸೊಳ್ಳೆಪರದೆಯೊಳಗೆ ಮಲಗುವುದು ಕ್ಷೇಮ.

ಬಳಸಿದ ಡ್ರೆಸ್ಸಿಂಗ್, ಗ್ಲೌಸ್‌ಗಳನ್ನು ಪತ್ರಿಕೆಯಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಿ. ಬೆಂಗಳೂರಿನಂತೆ ಕಸ ಬೇರ್ಪಡಿಸುವ ಊರುಗಳಲ್ಲಿ ಇದು ಕೆಂಪು ಬುಟ್ಟಿಗೆ ಹೋಗಬೇಕು, ಹಸಿಕಸಕ್ಕಾಗಲಿ ಒಣಕಸಕ್ಕಾಗಲಿ ಅಲ್ಲ. ಅದನ್ನು ಬರಿಗೈಯಲ್ಲಿ ಆಯುವವರು ನಮ್ಮಂಥವರೇ ಮನುಷ್ಯರು.

ಎಷ್ಟು ದಿನಕ್ಕೊಮ್ಮೆ

ಮೊದಲ ಕೆಲವು ದಿನ ರಸಿಕೆ ಹೆಚ್ಚು, ಆಗ ದಿನಕ್ಕೊಮ್ಮೆ, ಕೆಲವೊಮ್ಮೆ ಎರಡು ಸಲ ಬದಲಿಸಬೇಕಾಗಬಹುದು. ಮೇಲಿನ ಪ್ಯಾಡಿನ ಹೊರಗೆ ಒದ್ದೆ ಕಲೆ ಕಂಡರೆ ಸಮಯ ನೋಡದೆ ಬದಲಿಸಿ, ಏಕೆಂದರೆ ಆ ಒದ್ದೆಯ ದಾರಿಯಲ್ಲೇ ಹೊರಗಿನ ಕ್ರಿಮಿ ಒಳಗೆ ಬರುತ್ತದೆ. ರಸಿಕೆ ತಗ್ಗಿದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಸಾಕು. ಎಷ್ಟೇ ಶುಚಿಯಾಗಿ ಕಂಡರೂ ಒಂದೇ ಡ್ರೆಸ್ಸಿಂಗನ್ನು ಏಳು ದಿನಕ್ಕಿಂತ ಹೆಚ್ಚು ಬಿಡಬಾರದು.

ಏನನ್ನು ಕಂಡು ಹೆದರಬಾರದು, ಏನನ್ನು ಕಂಡು ಹೊರಡಬೇಕು

ಹಚ್ಚಿದ ಕೂಡಲೇ ಚುರುಚುರು ಉರಿ, ಒಳಗಿನಿಂದ ಎಳೆದಂಥ ನೋವು ಕೆಲವರಿಗೆ ಬರುತ್ತದೆ. ಆಮ್ಲ ಮತ್ತು ಸಕ್ಕರೆಯ ಎಳೆತದಿಂದ ಬರುವ ಈ ಉರಿ ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ಕಡಿಮೆಯಾಗುತ್ತದೆ. ಕಡಿಮೆಯಾಗದೆ ರೋಗಿ ಸಹಿಸಲಾರದಂತಾದರೆ, ‘ಮದ್ದು ಎಂದ ಮೇಲೆ ಉರಿಯಲೇಬೇಕು’ ಎಂದು ಸಮಾಧಾನ ಹೇಳದೆ ಡ್ರೆಸ್ಸಿಂಗ್ ತೆಗೆದು ಸಲೈನಿನಲ್ಲಿ ತೊಳೆದುಬಿಡಿ. ಮೊದಲ ವಾರ ಗಾಯ ದೊಡ್ಡದಾದಂತೆ ಕಾಣಬಹುದು. ಕೊಳೆತ ಪದರ ಕರಗಿ ಹೋಗಿ ಅದರಡಿಯ ನಿಜವಾದ ಅಳತೆ ಹೊರಬಂದಿರುತ್ತದೆ. ಡ್ರೆಸ್ಸಿಂಗಿನ ಮೇಲಿನ ಕಂದು ಹಳದಿ ಲೋಳೆಯನ್ನು ಕೀವು ಎಂದು ತಪ್ಪು ತಿಳಿಯುವುದೂ ಉಂಟು. ಸಲೈನಿನಲ್ಲಿ ತೊಳೆದ ಮೇಲೆ ಗಾಯದ ತಳ ದಾಳಿಂಬೆ ಕಾಳಿನಂತೆ ಹರಳುಹರಳಾಗಿ ಕೆಂಪಗೆ ಹೊಳೆದರೆ ಅದು ಹೊಸ ಮಾಂಸ.

ಆದರೆ ಸುತ್ತಲಿನ ಕೆಂಪು ದಿನದಿಂದ ದಿನಕ್ಕೆ ಹರಡಿದರೆ, ಗಾಯದಿಂದ ಮೇಲಕ್ಕೆ ಕೆಂಪು ಗೆರೆ ಎದ್ದರೆ, ಜ್ವರ ಚಳಿ ಬಂದರೆ, ತೊಳೆದ ಮೇಲೂ ಕೀವು ಜಿನುಗಿದರೆ, ತಗ್ಗಿದ್ದ ನೋವು ಅಥವಾ ವಾಸನೆ ಮತ್ತೆ ಹೆಚ್ಚಿದರೆ, ಯಾವುದಾದರೂ ಭಾಗ ಕಪ್ಪಾದರೆ, ಡ್ರೆಸ್ಸಿಂಗಿನ ಆಕಾರದಲ್ಲೇ ತುರಿಕೆಯ ಗುಳ್ಳೆ ಎದ್ದರೆ ಅದೇ ದಿನ ವೈದ್ಯರನ್ನು ಕಾಣಬೇಕು. ವಯಸ್ಸಾದವರಿಗೆ ಜ್ವರವೇ ಬರದೆ, ಬರೀ ಮಂಕು, ಊಟ ಬೇಡ ಎನ್ನುವುದು ಮಾತ್ರ ಸೋಂಕಿನ ಗುರುತಾಗಿರಬಹುದು.

ಇವಾವುವೂ ಇಲ್ಲದೆ ಗಾಯ ಸುಮ್ಮನೆ ಹಾಗೆಯೇ ಉಳಿಯುವುದೂ ಒಂದು ಎಚ್ಚರಿಕೆ. ಕಣ್ಣಿನ ಅಂದಾಜು ನಂಬಿಕೆಗೆ ಅರ್ಹವಲ್ಲ, ಅದು ನಮಗೆ ಬೇಕಾದದ್ದನ್ನೇ ತೋರಿಸುತ್ತದೆ. ವಾರಕ್ಕೊಮ್ಮೆ ಅದೇ ಬೆಳಕಿನಲ್ಲಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಮೊಬೈಲಿನಲ್ಲಿ ಚಿತ್ರ ತೆಗೆದು, ಉದ್ದ ಅಗಲ ಬರೆದಿಡಿ. ಎರಡು ವಾರದಲ್ಲಿ ಅಂಚು ಸ್ವಲ್ಪವೂ ಒಳಗೆ ಸರಿಯದಿದ್ದರೆ ಜೇನನ್ನು ಹೆಚ್ಚಿಸುವುದರಲ್ಲಿ ಅರ್ಥವಿಲ್ಲ. ಒತ್ತಡವೋ, ರಕ್ತ ಸಂಚಾರವೋ, ಸಕ್ಕರೆಯೋ, ಹೊಟ್ಟೆಗೆ ಸಾಲದ ಪ್ರೋಟೀನೋ, ಕಾರಣ ಬೇರೆಲ್ಲೋ ಇದೆ, ಅದನ್ನು ಹುಡುಕಿಸಬೇಕು. ಆ ಚಿತ್ರಗಳನ್ನು ವೈದ್ಯರಿಗೆ ತೋರಿಸಿದರೆ ನಿಮ್ಮ ಹತ್ತು ಮಾತಿಗಿಂತ ಹೆಚ್ಚು ಅವರಿಗೆ ತಿಳಿಯುತ್ತದೆ.

ಜೇನನ್ನು ನಿಲ್ಲಿಸುವುದು

ಗಾಯದ ತಳ ಪೂರ್ತಿ ಕೆಂಪಾಗಿ, ಹಳದಿ ಪದರ ಹೋಗಿ, ರಸಿಕೆ ನಿಂತ ಮೇಲೆ ಜೇನಿನ ಮುಖ್ಯ ಕೆಲಸ ಮುಗಿದಂತೆ. ಆಮೇಲೆಯೂ ಮುಂದುವರಿಸುವ ಅಗತ್ಯವಿದೆಯೇ ಎಂದು ಕೇಳಿ, ಬೇಡವೆಂದರೆ ಅಂಟದ ಸಾದಾ ಡ್ರೆಸ್ಸಿಂಗಿಗೆ ಬದಲಾಯಿಸಿ. ಖರ್ಚೂ ಉಳಿಯುತ್ತದೆ. ಅಂಚಿನಿಂದ ಬರುವ ಹೊಸ ಚರ್ಮ ಮೊದಲು ಈರುಳ್ಳಿಯ ಒಳಪೊರೆಯಷ್ಟು ತೆಳುವಾಗಿ, ಗುಲಾಬಿ ಬಣ್ಣದಲ್ಲಿರುತ್ತದೆ. ಮುಚ್ಚಿಕೊಂಡ ಗಾಯ ತಿಂಗಳುಗಟ್ಟಲೆ ಒಳಗೊಳಗೇ ಗಟ್ಟಿಯಾಗುತ್ತಾ ಹೋಗುತ್ತದೆ, ಆದರೂ ಮೊದಲಿನ ಚರ್ಮದ ಬಲದ ಸುಮಾರು 80 ಭಾಗಕ್ಕಿಂತ ಹೆಚ್ಚು ಅದಕ್ಕೆ ಬರುವುದಿಲ್ಲ. ನಮ್ಮ ತಾಯಿಯವರ ಹಿಮ್ಮಡಿ ಮುಚ್ಚಿದ ಮೇಲೂ ಮೀನಖಂಡದ ಕೆಳಗಿನ ದಿಂಬನ್ನು ನಾವು ತೆಗೆಯಲಿಲ್ಲ. ರಾತ್ರಿ ದೀಪ ಆರಿಸುವ ಮುಂಚೆ ಹೊದಿಕೆ ಸರಿಸಿ ಆ ಜಾಗವನ್ನು ಬೆರಳಿನಿಂದ ಒಮ್ಮೆ ಒತ್ತಿ, ಕೆಂಪು ಮಾಸಿ ಮತ್ತೆ ಬರುತ್ತದೆಯೇ ಎಂದು ನೋಡುತ್ತಿದ್ದೆ. ಒತ್ತಿದಾಗ ಮಾಸದ ಕೆಂಪು ಕಂಡರೆ ಅಲ್ಲಿ ಹುಣ್ಣು ಮತ್ತೆ ಒಳಗಿನಿಂದ ಶುರುವಾಗುತ್ತಿದೆ ಎಂದು ತಿಳಿದು, ಆ ಕ್ಷಣದಿಂದಲೇ ಅಲ್ಲಿನ ಭಾರ ತಪ್ಪಿಸಬೇಕು.